ನೈಟ್ ಶಿಫ್ಟಿಗೆ ಯಾರದಾರ?

ಮಾರ್ಚ್ 29, 2025, ಶನಿವಾರ
ರಾಯಚೂರು

ಶನಿವಾರ ಅಂತ ಬರೆದೆ, ಗಡಿಯಾರದಲ್ಲಿ ರವಿವಾರ ಶುರುವಾಗಿ ಎರಡೂ ಮುಕ್ಕಾಲು ತಾಸಾಗಿದೆ. ಮಾಳಿಗೆ ಮೇಲೆ ಚಾಪೆ, ಚಾಪೆ ಮೇಲೆ ಲ್ಯಾಪ್‌ಟಾಪ್, ಮಗ್ಗುಲಲ್ಲಿ ಅಪ್ಪನ ಗೊರಕೆ. ಮಾರ್ಚ್ ಮುಗಿಯೋದರೊಳಗೇ ಮನೆಯೊಳಗೆ ಮಲಗುವ ಹಾಗಿಲ್ಲ ನಮ್ಮೂರಲ್ಲಿ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುವಿ ತಿರುವಿ ಮುಖಕ್ಕೆ ಹೊಡೆಯುತ್ತದೆ. ರಮ್ಜಾನಿನ ಕೊನೆಯ ರಾತ್ರಿಗಳು, ತೀನ್ ಕಂದೀಲ್ ಕಡೆಯಿಂದ ಇನ್ನೂ ಗಾಡಿಗಳ ಸದ್ದು ಬರುತ್ತಿದೆ.

ರವಿವಾರ ರಾತ್ರಿ ಮಾಕ್ ಟೆಸ್ಟ್ ನಡೆಸುವ ನನ್ನ ಸೈಟು ಹೊಸ ಸರ್ವರಿಗೆ ಬಂತು, ಇಡೀ ಮಷೀನೇ ನನಗೊಬ್ಬನಿಗೆ ಬಾಡಿಗೆಗೆ. ರಾತ್ರಿ ಹತ್ತಕ್ಕೆ ಸೈಟಿನ ಹೆಸರನ್ನು ಮಷೀನಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ತಿರುಗಿಸಿದೆ. ಗುರುವಾರವೇ ಟಿಟಿಎಲ್, ಅಂದರೆ ಹಳೇ ವಿಳಾಸವನ್ನು ಬೇರೆ ಮಷೀನುಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ ಇಟ್ಟಿದ್ದೆನಾದ್ದರಿಂದ ಹತ್ತೂಕಾಲರ ಹೊತ್ತಿಗೆ ಹೆಚ್ಚಿನವರು ಹೊಸ ಮನೆಯ ಬಾಗಿಲಿಗೇ ಬರುತ್ತಿದ್ದರು. ಹಳೇ ಕಡೆ "ದುರಸ್ತಿ ನಡೆದಿದೆ" ಎಂಬ ಒಂದು ಪುಟ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದೆ. ಇಲ್ಲದಿದ್ದರೆ ಅರ್ಧ ಮಂದಿಯ ಉತ್ತರ ಅಲ್ಲಿ, ಅರ್ಧ ಮಂದಿಯದು ಇಲ್ಲಿ ಸೇರಿಕೊಂಡು ಜೋಡಿಸಲಿಕ್ಕೆ ನನ್ನ ಜನ್ಮ ಸಾಲುತ್ತಿರಲಿಲ್ಲ. ಯುಗಾದಿ ಅಂತ ಈ ರವಿವಾರ ಮಾಕ್ ಟೆಸ್ಟ್ ಇಲ್ಲ, ಅದಕ್ಕೇ ಈ ದಿನ ಹಿಡಿದದ್ದು.

ಅವ್ವನಿಗೆ ಮಾತ್ರ ಸಮಾಧಾನ ಇಲ್ಲ. "ಅಮಾಸಿ ದಿನಾನ ಆಗಬೇಕೇನು? ನಾಳಿ ಪಾಡ್ಯ ಅದ. ಗ್ರಹಣನೂ ಅದ ಅಂತ, ಶನಿ ಬ್ಯಾರೆ ಇವತ್ತ ಮನಿ ಬದಲಿ ಮಾಡ್ತಾನಂತ, ಟೀವ್ಯಾಗ ಮುಂಜಾನಿಂದ ಅದಾ ಹೇಳಾಕತ್ಯಾರ." ಗ್ರಹಣ ನಮ್ಮ ದೇಶದಾಗ ಕಾಣಂಗಿಲ್ಲಬೇ ಅಂದೆ. ಶನಿಯ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅವನೂ ಬದಲಿಸಲಿ, ನಾನೂ ಬದಲಿಸುತ್ತೇನೆ ಅಂದುಕೊಂಡೆ. ಅವ್ವ ಸೋಮವಾರದಿಂದ ದೇವರಮನೆ ಬಾಜೂಕಿನ ಕಟ್ಟೆ ಖಾಲಿ ಮಾಡಿ ಇಟ್ಟಿದ್ದಾಳೆ, ಸರ್ವರ್ ಇಡಲಿಕ್ಕೆ. ಅದು ಮುಂಬೈಯಲ್ಲಿದೆ, ನಮ್ಮ ಮನೆಗೆ ಬರುವುದಿಲ್ಲ ಅಂದಾಗ ಮುಖ ಸಣ್ಣದಾಯಿತು. "ತಿಂಗಳಿಗೆ ಆರೂವರೆ ಸಾವಿರ ಕೊಟ್ಟು ನೋಡಾಕೂ ಸಿಗದ ಮಷೀನ್ ಯಾಕಪಾ?"

ಯಾಕೆ ಅಂದರೆ ಆ 508, ಮಿತಿ ಮೀರಿತು ಅಂತ ಸರ್ವರ್ ತೋರಿಸುವ ಎರರ್. ರವಿವಾರ ರಾತ್ರಿ ಟೆಸ್ಟ್ ಬರೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಮಷೀನಿನ ಮೇಲೆ ನೂರಾರು ಸೈಟು. ಒಬ್ಬ ಎಲ್ಲವನ್ನೂ ನುಂಗಬಾರದು ಅಂತ ಒಬ್ಬೊಬ್ಬರಿಗೂ ಮಿತಿ. ನನ್ನ ಪಾಲಿಗೆ ಒಂದೇ ಹೊತ್ತಿಗೆ 20 ಪ್ರೋಸೆಸ್. ಇಪ್ಪತ್ತೊಂದನೆಯವರಿಗೆ 508. ದಿನವೆಲ್ಲ ಇದು ಗೊತ್ತೇ ಆಗುವುದಿಲ್ಲ, ಒಂದು ಪುಟ ಅರ್ಧ ಸೆಕೆಂಡಿನಲ್ಲಿ ಮುಗಿದು ಜಾಗ ಬಿಡುತ್ತದೆ. ಆದರೆ ಒಂಬತ್ತೂವರೆಗೆ ಟೆಸ್ಟ್ ಮುಗಿಯುವ ಆ ಒಂದು ನಿಮಿಷ ಮುನ್ನೂರು ಮಂದಿ ಒಟ್ಟಿಗೇ ಸಬ್ಮಿಟ್ ಒತ್ತುತ್ತಾರೆ. ಕ್ಯಾಶ್ ಹಾಕು, ಕ್ಯಾಶ್ ಹಾಕು ಅಂತ ಸಿಕ್ಕವರೆಲ್ಲ ಹೇಳಿದರು, ಅಂದರೆ ಒಮ್ಮೆ ಮಾಡಿದ ಪುಟವನ್ನೇ ಇಟ್ಟುಕೊಂಡು ಎಲ್ಲರಿಗೂ ಕೊಡು ಅಂತ. ಒಬ್ಬೊಬ್ಬರ ಉತ್ತರಪತ್ರಿಕೆ ಒಂದೊಂದು ಥರ ಇರುವಾಗ ಯಾವುದನ್ನು ಕ್ಯಾಶ್ ಮಾಡಲಿ? ಕಳೆದ ತಿಂಗಳು ದೇವದುರ್ಗದ ಹುಡುಗಿಯೊಬ್ಬಳು ಕಳಿಸಿದ ಮೆಸೇಜು ಇನ್ನೂ ಅಳಿಸಿಲ್ಲ. "ಸರ್ 92 ಮಾಡಿದ್ದೆ. ಮೊಬೈಲ್ ಅಣ್ಣಂದು, ಇನ್ನೊಮ್ಮೆ ಕೊಡಲ್ಲ." ಅಷ್ಟೇ. ಬೈಗುಳ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೆಂಗಳೂರಿನ ಗೆಳೆಯ "ವಿಪಿಎಸ್ ಸಾಕಾಗ್ತಿತ್ತಲ್ಲೋ" ಅಂದ, ಒಂದೇ ಮಷೀನನ್ನು ಪಾಲು ಮಾಡಿ ಕೊಡುವ ಸರ್ವರ್ ಅದು. ಇರಬಹುದು. ಮತ್ತೊಬ್ಬರ ಜೊತೆ ಸಿಪಿಯು ಹಂಚಿಕೊಳ್ಳುವುದು ನನಗೇ ಸಾಕಾಗಿತ್ತು, ಹಟ ಅಂದರೂ ಸರಿ.

ವಾರದ ಉಳಿದ ಕಥೆ ಏನಿಲ್ಲ. ಸೋಮವಾರ ಗುಟ್ಟಿನ ಕೀ ಫೈಲು ಹಾಕಿ ಒಳಗೆ ಹೋಗಿ ಪಾಸ್‌ವರ್ಡ್ ಲಾಗಿನ್ ಮುಚ್ಚಿದೆ. ಸರ್ವರ್ ಇದೆ ಅಂತ ಯಾರಿಗೂ ಹೇಳಿರಲಿಲ್ಲ, ಆದರೂ ಅರ್ಧ ತಾಸಿನೊಳಗೆ ಯಾರು ಯಾರೋ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹೇಳಿಕೊಂಡು ಚಿಲಕ ಅಲ್ಲಾಡಿಸಿ ನೋಡುತ್ತಿದ್ದರು. ಮೇಲ್‌ಗಳೆಲ್ಲ ಸ್ಪ್ಯಾಮಿಗೆ ಹೋಗುತ್ತಿವೆ, ವಿಳಾಸದಿಂದ ಹೆಸರು ತಿಳಿಸುವ ರಿವರ್ಸ್ ಡಿಎನ್‌ಎಸ್ ಸರ್ವರ್ ಕೊಟ್ಟವರು ಹಾಕಿಕೊಡಬೇಕು, ಕೇಳಿದ್ದೇನೆ. ಮಂಗಳವಾರ ಮಾತ್ರ ಜೀವ ಬಾಯಿಗೆ ಬಂದಿತ್ತು. ಡೇಟಾಬೇಸ್ ತಂದು ಸುರಿದರೆ ಹನ್ನೊಂದು ಸಾವಿರ ಪ್ರಶ್ನೆಗಳಲ್ಲಿ ಒಂದು ಕನ್ನಡ ಅಕ್ಷರ ಇಲ್ಲ! ತಲೆ ಮೇಲೆ ಗೀಟು ಎಳೆದುಕೊಂಡ ಇಂಗ್ಲಿಷ್ ಎ, ಅದರ ಹೆಗಲ ಮೇಲೆ ಪುಟ್ಟ ಎರಡು, ಇಲ್ಲವೇ ಪುಟ್ಟ ಮೂರು, ಸಾಲುಸಾಲಾಗಿ. ಒತ್ತಕ್ಷರ ಬರಬೇಕಾದಲ್ಲೆಲ್ಲ ಆ ಮೂರು. ನಿಧಾನಕ್ಕೆ ತಲೆಗೆ ಹೊಳೆಯಿತು. ಎಲ್ಲ ಲಿಪಿಗಳನ್ನೂ ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಚಿಹ್ನೆಗೂ ಮೂರು ಬೈಟು. ಎಂಟು ವರ್ಷದ ಹಿಂದೆ ಟೇಬಲ್ ಮಾಡುವಾಗ ನಾನೇ ಅದಕ್ಕೆ ಇಂಗ್ಲಿಷಿನಂಥ ಯುರೋಪಿನ ಅಕ್ಷರಗಳ ಲ್ಯಾಟಿನ್-1 ಅಂತ ಚೀಟಿ ಅಂಟಿಸಿದ್ದೆ, ಅಂದರೆ ಒಳಗಿರುವುದು ಕನ್ನಡ, ಡಬ್ಬಿ ಮೇಲಿನ ಹೆಸರು ಬೇರೆ. ಹಳೇ ಸರ್ವರ್ ಆ ಸುಳ್ಳಿಗೆ ಹೊಂದಿಕೊಂಡಿತ್ತು, ಹೊಸದು ಚೀಟಿ ಓದಿ ನಂಬಿಬಿಟ್ಟಿತು. ಲ್ಯಾಟಿನ್-1 ಎಂದೇ ಹೊರತೆಗೆದು, ಚೀಟಿ ಕಿತ್ತು, ಯುಟಿಎಫ್8ಎಂಬಿ4 (ಡೇಟಾಬೇಸಿನಲ್ಲಿ ಯುಟಿಎಫ್-8ರ ಹೆಸರು) ಅಂತ ಬರೆದು ಮತ್ತೆ ಸುರಿದೆ. ಮೊದಲು ಕಾಣಿಸಿದ ಪ್ರಶ್ನೆ: "ಹಟ್ಟಿ ಚಿನ್ನದ ಗಣಿ ಯಾವ ಜಿಲ್ಲೆಯಲ್ಲಿದೆ?" ನನ್ನ ಜಿಲ್ಲೆಯಲ್ಲೇ ಐತಪ್ಪ ಅಂತ ಕುರ್ಚಿಯಲ್ಲೇ ಕುಣಿದೆ.

ಇದ್ಯಾವುದನ್ನೂ ಬರೆಯಲಿಕ್ಕೆ ಕೂತದ್ದಲ್ಲ. ಅಪ್ಪನ ಮಾತು ಬರೆಯಬೇಕು.

ಹನ್ನೊಂದರ ಸುಮಾರಿಗೆ ಅಪ್ಪ ನೀರಿನ ತಂಬಿಗೆ ಹಿಡಿದು ಮೇಲೆ ಬಂದ. ನಿವೃತ್ತಿಯಾಗಿ ಆರು ವರ್ಷವಾದರೂ ಅವನ ನಿದ್ದೆಗೆ ಹೊತ್ತುಗೊತ್ತಿಲ್ಲ.

"ಆತೇನು?"

"ಆತು. ಎಲ್ಲಾ ಹೊಸಾದಕ್ಕ ಬಂತು."

"ಅಲ್ಲಿ ನೈಟ್ ಶಿಫ್ಟಿಗೆ ಯಾರದಾರ?"

ಕರೆಂಟು, ಎಸಿ, ಡಿಸ್ಕ್ ಕೆಟ್ಟರೆ ಬದಲಿಸುವುದು, ಇದನ್ನೆಲ್ಲ ಡೇಟಾ ಸೆಂಟರಿನವರು ನೋಡುತ್ತಾರೆ ಅಂದೆ.

"ಅದು ಕೇಳಿಲ್ಲ ತಮ್ಮಾ. ಒಳಗ ನಡಿಯೋದಕ್ಕ ಯಾರು?"

"ನಾನ."

"ಹಗಲಿಗೆ?"

"ನಾನ."

"ರಿಲೀವರ್?"

ಸುಮ್ಮನಾದೆ. ಅಪ್ಪ ಶಕ್ತಿನಗರದ ಶಾಖ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನವನು. 210 ಮೆಗಾವ್ಯಾಟಿನ ಯೂನಿಟ್ಟಿನ ಮುಂದೆ ಕೂತು ಬಂದವನು, ರಿಲೀವರ್ ಬಂದು ಲಾಗ್‌ಬುಕ್ಕಿಗೆ ಸಹಿ ಹಾಕುವ ತನಕ ಕುರ್ಚಿ ಬಿಟ್ಟು ಎದ್ದವನಲ್ಲ. ಕಾಲೋನಿಯಲ್ಲಿ ನಾವು ಹುಡುಗರಿಗೆ ಯಾರ ಮನೆಯಲ್ಲಿ ಹಗಲು ಕೂಗಾಡಬಾರದು ಅನ್ನೋದು ಬಾಯಿಪಾಠ. ಎಷ್ಟು ಯುಗಾದಿ ಅವನು ಮನೆಯಲ್ಲಿ ಉಂಡನೋ, ಬೆರಳಲ್ಲಿ ಎಣಿಸಬಹುದು. ಹೋಳಿಗೆ ಡಬ್ಬಿ ಕಟ್ಟಿಕೊಂಡು ಸ್ಕೂಟರ್ ಹತ್ತುತ್ತಿದ್ದ.

"ಡಿಸ್ಕ್ ಹೋದ್ರ?" ಅಂದ.

"ಎರಡು ಅದಾವಪ್ಪ. ಒಂದರಾಗ ಬರದದ್ದು ಅದೇ ಕ್ಷಣಕ್ಕ ಇನ್ನೊಂದರಾಗೂ ಬರೀತದ. ಒಂದು ಹೋದ್ರೂ ಸೈಟ್ ನಿಲ್ಲಂಗಿಲ್ಲ."

ಸ್ವಲ್ಪ ಹೊತ್ತು ಆಕಾಶ ನೋಡಿದ. "ನೀ ತಪ್ಪು ಬರದ್ರ?"

"...ತಪ್ಪೂ ಎರಡರಾಗೂ ಬರೀತದ."

ನಕ್ಕ. ಬ್ಯಾಕಪ್ ಇದೆ, ದಿನಾ ರಾತ್ರಿ ಎರಡಕ್ಕೆ ತಾನೇ ಆಗುತ್ತದೆ, ಬೇರೆ ಊರಿನ ಮಷೀನಿಗೆ ಹೋಗುತ್ತದೆ ಅಂತ ಒಂದೇ ಉಸಿರಿಗೆ ಹೇಳಿದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ.

"ನಡಸಿ ನೋಡೀದೇನು?"

"ಏನು?"

"ನಮ್ಮಲ್ಲಿ ಬಾಯ್ಲರಿಗೆ ನೀರು ಕೊಡಾಕ ಮೂರು ಪಂಪ್. ಎರಡು ನಡೀತಾವ, ಒಂದು ಸ್ಟ್ಯಾಂಡ್‌ಬೈ. ಅದು ನಿಂತದ ಅಂತ ಬಿಟ್ರ ಆತೇನು? ಪಾಳಿ ಹಚ್ಚಿ ಅದನ್ನೂ ನಡಸಬೇಕು, ಇನ್ನೊಂದಕ್ಕ ವಿಶ್ರಾಂತಿ ಕೊಡಬೇಕು. ನಡಸಿ ನೋಡದ ಪಂಪ್ ಲೆಕ್ಕಕ್ಕ ಹಿಡೀಬಾರದು." ಇಷ್ಟು ಹೇಳಿ ಮಗ್ಗಲು ಹೊರಳಿ ಎರಡು ನಿಮಿಷಕ್ಕೆ ಗೊರಕೆ. ಅವನಿಗೇನು, ಶಿಫ್ಟ್ ಮುಗಿದಿದೆ.

ನನಗೆ ಸಿಟ್ಟು ಬಂತು, ಯಾಕೆ ಅಂತ ಹೇಳಲಾರೆ. ವಾರವೆಲ್ಲ ನಿದ್ದೆಗೆಟ್ಟು ಮಾಡಿದ ಕೆಲಸಕ್ಕೆ ಭೇಷ್ ಅನ್ನಲಿಲ್ಲ ಅಂತಲೋ ಏನೋ. ಆಯಿತು, ತೋರಿಸೇ ಬಿಡೋಣ ಅಂತ ಒಂದು ಗಂಟೆಗೆ ಬ್ಯಾಕಪ್ ಫೋಲ್ಡರ್ ತೆಗೆದೆ. ಬುಧವಾರದ್ದು, ಗುರುವಾರದ್ದು, ಶುಕ್ರವಾರದ್ದು, ಶನಿವಾರದ್ದು, ನಾಲ್ಕು ಫೈಲು, ತಾರೀಖು ಸಮೇತ, ಒಂದರ ಕೆಳಗೊಂದು. ನೋಡಿದರೆ ಕಣ್ಣು ತಂಪಾಗಬೇಕು. ಆಮೇಲೆ ಪಕ್ಕದ ಅಂಕಣ ನೋಡಿದೆ. 20. 20. 20. 20.

ಮೆಗಾಬೈಟ್ ಅಲ್ಲ. ಇಪ್ಪತ್ತು ಬೈಟು.

ಏನೂ ಇಲ್ಲದ್ದನ್ನು ಜಿಝಿಪ್ ಮಾಡಿದರೆ, ಅಂದರೆ ಒತ್ತಿ ಚಿಕ್ಕದು ಮಾಡಿದರೆ, ಬರುವುದು ಸರಿಯಾಗಿ 20 ಬೈಟಿನ ಫೈಲು. ನಾನು ಕೈಯಿಂದ ಓಡಿಸಿ ನೋಡಿದ್ದು ಎಲ್ಲ ಹಕ್ಕಿರುವ ರೂಟ್ ಆಗಿ, ರಾತ್ರಿ ಹೊತ್ತಿಗೆ ಸರಿಯಾಗಿ ಕೆಲಸ ಹಚ್ಚುವ ಕ್ರಾನ್ ಓಡಿಸುವುದು ಇನ್ನೊಬ್ಬ ಯೂಸರ್ ಹೆಸರಲ್ಲಿ. ಅವನಿಗೆ ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲನ್ನು ಓದುವ ಹಕ್ಕಿಲ್ಲ. ಡೇಟಾಬೇಸನ್ನು ಹೊರತೆಗೆಯುವ ಡಂಪ್ ಬಾಗಿಲಲ್ಲೇ ಬಿತ್ತು, ಅದರ ಹಿಂದೆ ನಿಂತಿದ್ದ ಜಿಝಿಪ್ ಮಾತ್ರ ಸಿಕ್ಕ ಗಾಳಿಯನ್ನೇ ಅಚ್ಚುಕಟ್ಟಾಗಿ ಮಡಿಚಿ, ತಾರೀಖು ಬರೆದು ಇಟ್ಟಿತು, ನಾಲ್ಕು ರಾತ್ರಿ. ಬೆನ್ನಲ್ಲಿ ಬೆವರು ಇಳಿಯಿತು, ಅದು ಬರೀ ಬಿಸಿಲೂರಿನ ಬೆವರಲ್ಲ.

ಸರಿ ಮಾಡಿದೆ. ಹಕ್ಕು ಕೊಟ್ಟೆ, ಡಂಪ್ ಬಿದ್ದರೆ ಅಲ್ಲೇ ನಿಂತು ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿದೆ, ಎರಡಕ್ಕೆ ಕ್ರಾನ್ ಓಡುವುದನ್ನು ಕಣ್ಣು ಮಿಟುಕಿಸದೆ ಕಾದೆ. 61 ಎಂಬಿ ಬಂತು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಬೇರೆ ಹೆಸರಿನ ಡೇಟಾಬೇಸಿಗೆ ಸುರಿದು ಹಟ್ಟಿ ಚಿನ್ನದ ಗಣಿಯನ್ನು ಹುಡುಕಿದೆ. ಇತ್ತು, ಒತ್ತಕ್ಷರ ಸಮೇತ.

ಅಪ್ಪನನ್ನು ಎಬ್ಬಿಸಿ ಹೇಳಲಾ ಅನ್ನಿಸಿತು. ಹೇಳಿದರೆ ಏನನ್ನುತ್ತಾನೆ, "ಬರದು ಇಡು" ಅನ್ನುತ್ತಾನೆ. ಒಂದು ಹಳೇ ನೋಟ್‌ಬುಕ್ ತಂದು ಬರೆದಿಟ್ಟೆ: 30-3, 02:10, ಬ್ಯಾಕಪ್ ಸರಿ ಮಾಡಿದೆ, ನಡೆಸಿ ನೋಡಿದೆ. ಸಹಿಯ ಜಾಗದಲ್ಲಿ ನನ್ನ ಹೆಸರು. ಚಾರ್ಜ್ ತೆಗೆದುಕೊಂಡವರು ಅನ್ನೋ ಜಾಗದಲ್ಲಿ ಗೆರೆ.

ಹಳೇ ಹೋಸ್ಟಿಂಗಿನ ಹುಡುಗರ ನೆನಪು ಬರುತ್ತಿದೆ, ವಿಚಿತ್ರ ನೋಡಿ. ವರ್ಷಕ್ಕೆ ನಾಲ್ಕು ಸಾವಿರ ಕೊಡುತ್ತಿದ್ದೆ. ಒಮ್ಮೆ ರಾತ್ರಿ ಮೂರಕ್ಕೆ ದೂರಿನ ಟಿಕೆಟ್ ಹಾಕಿದ್ದಕ್ಕೆ ನಾಲ್ಕೇ ನಿಮಿಷದಲ್ಲಿ ಯಾರೋ ಉತ್ತರ ಕೊಟ್ಟಿದ್ದ, ನಾನು ಅವನ ಮೇಲೆ ಹರಿಹಾಯ್ದಿದ್ದೆ. ಅವನೂ ಯಾವುದೋ ಹಬ್ಬದ ಹಿಂದಿನ ರಾತ್ರಿ ಕೂತಿದ್ದನೇನೋ. ಹೆಸರು ಕೂಡ ನೋಡಲಿಲ್ಲ.

ಸಹರಿಗೆ, ರೋಜಾ ಹಿಡಿಯುವ ಮುಂಚಿನ ಊಟಕ್ಕೆ, ಎಬ್ಬಿಸುವ ಕೂಗು ಬಂತು. ಕೆಳಗೆ ಅವ್ವನೂ ಎದ್ದಿರಬೇಕು, ಹಂಡೆ ಸದ್ದು. ಇಷ್ಟು ಬೇಗ ಎಣ್ಣೆ ಹಚ್ಚಿಸಿಕೊಳ್ಳಲಿಕ್ಕೆ ಕರೆದರೆ ನಾನು ಸತ್ತೆ.

ಹಳೇ ಖಾತೆ ಜೂನ್ ತನಕ ಇದೆ, ದುಡ್ಡು ಕಟ್ಟಿ ಆಗಿದೆ. ಮುಚ್ಚುವುದಾ, ಸ್ಟ್ಯಾಂಡ್‌ಬೈ ಅಂತ ಇಟ್ಟುಕೊಳ್ಳುವುದಾ? ಇಟ್ಟುಕೊಂಡರೆ ಅದನ್ನೂ ವಾರಕ್ಕೊಮ್ಮೆ ನಡೆಸಿ ನೋಡಬೇಕು, ನೋಡದಿದ್ದರೆ ಮತ್ತೆ ಅಪ್ಪ