ಅಪ್ಪನ ಹೊಳಪು, ಮಗಳ ಆಯ್ಕೆ

ಬೆಂಗಳೂರಿನ ಖಾಲಿ ಸೈಟುಗಳಲ್ಲಿ ತಗಚೆ ಗಿಡದ ಸುತ್ತ ಸುಳಿಯುವ ಪುಟ್ಟ ಹಳದಿ ಚಿಟ್ಟೆ ಬಹುಮಟ್ಟಿಗೆ ಕಾಮನ್ ಗ್ರಾಸ್ ಯೆಲ್ಲೋ. ನಮಗೆ ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ. ಚಿಟ್ಟೆಗೆ ಹಾಗಲ್ಲ, ಅದಕ್ಕೆ ನೇರಳಾತೀತ ಬೆಳಕೂ ಕಾಣುತ್ತದೆ. ಆ ಬೆಳಕಿನಲ್ಲಿ ಗಂಡಿನ ರೆಕ್ಕೆಯ ಮೇಲ್ಭಾಗ ಫಳಫಳ, ಹೆಣ್ಣಿನದು ಬಹುತೇಕ ಕಪ್ಪು. ಹೆಚ್ಚು ಹೊಳೆಯುವ ಗಂಡಿನ ಕಡೆಗೇ ಹೆಣ್ಣಿನ ಒಲವು ಎಂದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಈ ಹೊಳಪಿಗೆ ಬಣ್ಣ ಕಾರಣವಲ್ಲ. ಹಳದಿ ಕೊಡುವ ಟೆರಿನ್ ಎಂಬ ವರ್ಣದ್ರವ್ಯ ನೇರಳಾತೀತವನ್ನು ನುಂಗಿಬಿಡುತ್ತದೆ. ಹೊಳೆಯುವುದು ರೆಕ್ಕೆಯ ಹುರುಪೆಗಳ ಏಣುಗಳಲ್ಲಿ ಒಂದರ ಮೇಲೊಂದು ಕೂತ ತೆಳು ಪದರಗಳಿಂದ. ಅದಕ್ಕೇ ಕೋನ ತುಸು ಸರಿದರೂ ಹೊಳಪು ಮಾಯ.

ಫೋಟೋ ತೆಗೆಯುವವರು ಎಡವುವುದೂ ಇಲ್ಲೇ. ಮಾಮೂಲಿ ಕ್ಯಾಮೆರಾದ ಸೆನ್ಸರ್ ಮುಂದಿನ ಗಾಜು ನೇರಳಾತೀತವನ್ನು ತಡೆಯುತ್ತದೆ; ಅದನ್ನು ತೆಗೆಸಿ, ಆ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಬೇಕು. ಅಗ್ಗದ ಫಿಲ್ಟರುಗಳಲ್ಲಿ ಇನ್‌ಫ್ರಾರೆಡ್ ಸೋರಿ ರೆಕ್ಕೆಯೆಲ್ಲ ಬೆಳ್ಳಗಾಗುತ್ತದೆ, ಜನ ಅದನ್ನೇ ಹೊಳಪೆಂದು ಖುಷಿಪಡುತ್ತಾರೆ! ಲೆನ್ಸಿನ ಮುಂದೆ ಪಾಲಿಕಾರ್ಬೊನೇಟ್ ಕನ್ನಡಕ ಹಿಡಿದು ನೋಡಿ. ಅದು ನೇರಳಾತೀತವನ್ನು ತಡೆದು ಇನ್‌ಫ್ರಾರೆಡ್ಡನ್ನು ಬಿಡುತ್ತದೆ. ಚಿತ್ರ ಕಪ್ಪಾಗದಿದ್ದರೆ ಸೋರಿಕೆ ಖಚಿತ. ಸತ್ತು ಬಿದ್ದ ಚಿಟ್ಟೆಯನ್ನು ಬಿಸಿಲಲ್ಲಿಟ್ಟು, ರೆಕ್ಕೆಯನ್ನು ಸ್ವಲ್ಪಸ್ವಲ್ಪವೇ ವಾಲಿಸುತ್ತ ಹತ್ತಾರು ಚಿತ್ರ ತೆಗೆಯಿರಿ. ಹುರುಪೆ ಉದುರಿದ ಹಳೆಯ ರೆಕ್ಕೆ ಬೇಡ.

ಇನ್ನು ವಂಶವಾಹಿಯ ವಿಷಯ. ಈ ಹಳದಿ ಚಿಟ್ಟೆಯ ನೆಂಟರಾದ, ಅಮೆರಿಕದ ಕೋಲಿಯಾಸ್ ಕುಲದ ಚಿಟ್ಟೆಗಳಲ್ಲಿ ಲೆಕ್ಕ ಸೊಗಸಾಗಿದೆ. ಯೂರಿಥೀಮ್ ಜಾತಿಯ ಗಂಡಿಗೆ ಹೊಳಪಿದೆ, ಫಿಲೊಡೈಸ್ ಗಂಡಿಗಿಲ್ಲ. ಹೊಳಪನ್ನು ಅದುಮುವ ಜೀನ್ ಬ್ರಿಕ್-ಅ-ಬ್ರಾಕ್ ಎಂದು 2022ರಲ್ಲಿ ಗೊತ್ತಾಯಿತು. ಅದಿರುವುದು ಝಡ್ ವರ್ಣತಂತುವಿನಲ್ಲಿ. ಚಿಟ್ಟೆಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಹೆಣ್ಣಿನ ಒಲವೂ ಝಡ್ ಜೊತೆಗೇ ಸಾಗುವುದರಿಂದ, ಈ ಎರಡು ಜಾತಿ ಕೂಡಿ ಹುಟ್ಟಿದ ಮಗಳು ಮೆಚ್ಚುವುದು ಅಪ್ಪನಂಥವನನ್ನೇ. ಅಮ್ಮನ ಜಾತಿ ಇಲ್ಲಿ ಲೆಕ್ಕಕ್ಕಿಲ್ಲ.

ಮಿಶ್ರತಳಿಯ ಗಂಡುಮಕ್ಕಳ ಪಾಡು ಬೇರೆ. ಎರಡು ಝಡ್‌ಗಳಲ್ಲಿ ಒಂದು ಅದುಮಿದರೂ ಸಾಕು, ಹೊಳಪು ಹೋಯಿತು. ಯೂರಿಥೀಮ್ ಹೆಣ್ಣು ಅವನನ್ನು ತಿರುಗಿಯೂ ನೋಡುವುದಿಲ್ಲ. ಕುದುರೆಮಸಾಲೆ ಹೊಲಗಳಲ್ಲಿ ಎರಡೂ ಜಾತಿ ಧಾರಾಳವಾಗಿ ಬೆರೆಯುತ್ತವೆ. ಉಳಿದ ವರ್ಣತಂತುಗಳು ಕಲಸಿಹೋಗಿದ್ದರೂ ಝಡ್ ಮಾತ್ರ ಇನ್ನೂ ಎರಡು ಬಗೆಯಾಗಿಯೇ ಉಳಿದಿದೆ.