ಎರಡು ಚಿಕ್ಕ ಪೆಗ್

ನಿನ್ನೆ ರಾತ್ರಿ ಗೆಳೆಯನ ಮನೆಯಲ್ಲಿ ಮೂರನೆಯ ಸುತ್ತು ಬಂದಾಗ ಲೋಟದ ಮೇಲೆ ಕೈ ಮುಚ್ಚಿದೆ. ಒತ್ತಾಯ ಬಂತು, ಎಂದಿನಂತೆ. ಕೈ ತೆಗೆಯಲಿಲ್ಲ.

ನನ್ನ ಮಿತಿ ಎರಡು ಚಿಕ್ಕ ಪೆಗ್, ಅಂದರೆ 60 ಮಿ.ಲೀ. ವಿಸ್ಕಿ, ಅದೂ ಊಟದ ಜೊತೆಗೆ. ಇದನ್ನು ಕಲಿತದ್ದು ತಂಗಿಯ ಮದುವೆಯಲ್ಲಿ. ಹಿಂದಿನ ರಾತ್ರಿ ಖಾಲಿ ಹೊಟ್ಟೆಯಲ್ಲಿ, ಲೆಕ್ಕವಿಲ್ಲದೆ ಕುಡಿದಿದ್ದೆ. ಬೆಳಿಗ್ಗೆ ಲಾಜಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕಬೇಕಾದವನು ನಾನು. ಏಳಲಾಗಲಿಲ್ಲ. ಚಿಕ್ಕಪ್ಪನ ಮಗ ಹಾಕಿದ. ಅಪ್ಪ ಬೈಯಲಿಲ್ಲ, ಇವತ್ತಿಗೂ ಆ ಮಾತೆತ್ತಿಲ್ಲ. ಮದುವೆಯ ಆಲ್ಬಮ್ಮಿನ ಆ ಒಂದು ಪುಟವನ್ನು ನಾನು ಇನ್ನೂ ನಿಂತು ನೋಡಲಾರೆ.

ಆಮೇಲೆ ಓದಿ ತಿಳಿದುಕೊಂಡೆ. 42.8 ಶೇಕಡಾ ಮದ್ಯಸಾರವಿರುವ ವಿಸ್ಕಿಯ 60 ಮಿ.ಲೀ.ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದನ್ನು ಕರಗಿಸಲು ಯಕೃತ್ತಿಗೆ ಎರಡು ಗಂಟೆಗೂ ಹೆಚ್ಚು ಬೇಕು. ನಿಂಬೆರಸ, ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಾಗಿ ನನ್ನ ಮಿತಿಯನ್ನು ಸುರಕ್ಷಿತ ಎಂದು ಕರೆಯುವುದಿಲ್ಲ. ಅದು ನಾನು ನಾನಾಗಿ ಉಳಿಯುವ ಗೆರೆ, ಅಷ್ಟೇ. ವಾಹನ ಚಾಲಕರಿಗೆ ಕಾನೂನು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್ ಮಿತಿ ಎನ್ನುತ್ತದೆ. ಕುಡಿಯುವ ದಿನ ನಾನು ಗಾಡಿ ಓಡಿಸುವುದೇ ಇಲ್ಲ, ಬೈಕ್ ಮನೆಯಲ್ಲೇ ಇರುತ್ತದೆ.

ಇವತ್ತು ಬೆಳಿಗ್ಗೆ ಆರಕ್ಕೆ ತಂಗಿ ಕರೆ ಮಾಡಿದಳು. ಎದ್ದಿದ್ದೆ. ಅವಳ ಮಗನಿಗೆ ಮೊದಲ ಹಲ್ಲು ಬಂದಿದೆಯಂತೆ.