ಎವ್ತಿಮಿಯ ಜಾಡಿನಲ್ಲಿ: ಕಿಲಿಫಾರೆವೊದಿಂದ ಬಾಚ್ಕೊವೊವರೆಗೆ

ಬಲ್ಗೇರಿಯಾದ ವೆಲಿಕೊ ತರ್ನೊವೊಗೆ ಬಂದವರೆಲ್ಲ ಮೊದಲು ಹತ್ತುವುದು ತ್ಸಾರೆವೆತ್ಸ್ ಕೋಟೆಯನ್ನು. ಮಧ್ಯಯುಗದ ಬಲ್ಗೇರಿಯಾ ಚರ್ಚಿನ ಕೊನೆಯ ಮುಖ್ಯಸ್ಥ, ಪೇಟ್ರಿಯಾರ್ಕ್ ಎವ್ತಿಮಿಯ ಬದುಕು ನೋಡಲು ಹೊರಟವರು ಹಾಗೆ ಮಾಡಬೇಡಿ. ಕೋಟೆ ಎರಡನೇ ದಿನಕ್ಕಿರಲಿ. ಒಟ್ಟು ನಾಲ್ಕು ದಿನ ಬೇಕು.

ಸೋಫಿಯಾದಿಂದ ತರ್ನೊವೊಗೆ ಸುಮಾರು 220 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆಯ ಮೇಲಾಗುತ್ತದೆ. ರೈಲಾದರೆ ಗೋರ್ನಾ ಒರ್ಯಾಹೊವಿತ್ಸಾದಲ್ಲಿ ಬದಲಿಸುವ ತಾಪತ್ರಯ. ಷೆಂಗೆನ್ ವೀಸಾ ನಡೆಯುತ್ತದೆ. 2026ರ ಜನವರಿ 1ರಿಂದ ಯೂರೋ ಬಂದಿದೆ. ಹಳೆಯ ಮಾಹಿತಿಯಲ್ಲಿ ಅದಕ್ಕೂ ಮುಂಚಿನ ನಾಣ್ಯವಾದ ಲೆವ್‌ನಲ್ಲಿ ಬೆಲೆ ಕಂಡರೆ ಹತ್ತಿರಹತ್ತಿರ ಅರ್ಧ ಮಾಡಿಕೊಳ್ಳಿ.

ಮೊದಲ ದಿನ ಎರಡು ಮಠಗಳಿಗೆ ಹೋಗಿಬರಲು ಒಂದೇ ಟ್ಯಾಕ್ಸಿ ಮಾಡಿ, ಕಾಯುವ ಬಾಡಿಗೆಯನ್ನೂ ಮೊದಲೇ ಮಾತಾಡಿ. ಮಾತಾಡುವಾಗ ತಲೆ ಮಾತ್ರ ಆಡಿಸಬೇಡಿ! ಇಲ್ಲಿ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ನಮ್ಮವರು ಲೆಕ್ಕ ಹಾಕುತ್ತಾ ಸುಮ್ಮನೆ ತಲೆ ಅಲ್ಲಾಡಿಸಿದರೂ ಚಾಲಕ ಒಪ್ಪಿಗೆ ಅಂದುಕೊಂಡಾನು. ಬಾಯಲ್ಲೇ 'ದಾ' (ಹೌದು), 'ನೇ' (ಇಲ್ಲ) ಅನ್ನಿ.

ಕಿಲಿಫಾರೆವೊ ಮಠ ತರ್ನೊವೊದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. 1350ರ ಸುಮಾರಿಗೆ ಥಿಯೊಡೋಸಿಯಸ್ ಎಂಬ ಸನ್ಯಾಸಿ ಇಲ್ಲಿ ಗುರುಕುಲದಂಥದ್ದನ್ನು ಕಟ್ಟಿದರು. ಸಾಧನೆಯ ತಿರುಳು ಮೌನ, ಮತ್ತು ಜಪದಂತೆ ಮರಳಿ ಮರಳಿ ಹೇಳುವ ಒಂದು ಸಣ್ಣ ಪ್ರಾರ್ಥನೆ. ತರುಣ ಎವ್ತಿಮಿ ಶಿಷ್ಯರಾದದ್ದು ಇಲ್ಲೇ. 1363ರಲ್ಲಿ ಗುರುವಿನೊಂದಿಗೆ ಕಾನ್‌ಸ್ಟಾಂಟಿನೋಪಲ್‌ಗೆ ಹೋದರು, ಗುರು ಅಲ್ಲೇ ತೀರಿಕೊಂಡರು. ಅಲ್ಲಿಂದ ಮುಂದೆ ಎವ್ತಿಮಿ ಹೋದದ್ದು ಗ್ರೀಸಿನಲ್ಲಿರುವ, ಸನ್ಯಾಸಿ ಮಠಗಳ ಅಥೋಸ್ ಬೆಟ್ಟಕ್ಕೆ. 1371ರ ಸುಮಾರಿಗೆ ಮರಳಿ ತರ್ನೊವೊದ ಉತ್ತರಕ್ಕೆ, ಯಾಂತ್ರಾ ನದಿಯ ಕಮರಿಯ ಬಂಡೆಗೋಡೆಯಡಿ ಹೋಲಿ ಟ್ರಿನಿಟಿ ಮಠ ಕಟ್ಟಿದರು. ನಕಲುಗಾರರ ಕೈಯಲ್ಲಿ ಕೆಟ್ಟಿದ್ದ ಧರ್ಮಗ್ರಂಥಗಳನ್ನು ಗ್ರೀಕ್ ಮೂಲದೊಂದಿಗೆ ಹೋಲಿಸಿ ತಿದ್ದಿದ್ದು, ಕಾಗುಣಿತಕ್ಕೆ ಕಟ್ಟುನಿಟ್ಟು ತಂದದ್ದು ಅವರ ದೊಡ್ಡ ಕೆಲಸ. ಆದರೆ ಆ ಕಾಲದ ಕಟ್ಟಡ ಹುಡುಕಿಕೊಂಡು ಹೋದರೆ ನಿರಾಸೆಯೇ ಗತಿ. ಕಿಲಿಫಾರೆವೊದ ಈಗಿನ ಚರ್ಚು 19ನೇ ಶತಮಾನದ್ದು. ಟ್ರಿನಿಟಿಯ 1847ರ ಚರ್ಚು 1913ರ ಭೂಕಂಪಕ್ಕೆ ಸಿಕ್ಕಿ ಮತ್ತೆ ಕಟ್ಟಿದ್ದು. ಎರಡೂ ಈಗ ಸನ್ಯಾಸಿನಿಯರ ಮಠ: ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಒಳಗೆ ಫೋಟೋ ತೆಗೆಯುವ ಮುನ್ನ ಕೇಳಿ.

ಎರಡನೇ ದಿನ ಬೆಳಗ್ಗೆಯೇ ಕೋಟೆ ಹತ್ತಿ. ಬೇಸಿಗೆಯಲ್ಲಿ ನೆರಳಿಲ್ಲ, ಸವೆದ ಕಲ್ಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. 1375ರಲ್ಲಿ ಪೇಟ್ರಿಯಾರ್ಕ್ ಆದ ಎವ್ತಿಮಿ, 1393ರಲ್ಲಿ ದೊರೆ ಇವಾನ್ ಶಿಶ್ಮನ್ ಊರಲ್ಲಿಲ್ಲದಾಗ ಆಟೊಮನ್ ತುರ್ಕರ ಮೂರು ತಿಂಗಳ ಮುತ್ತಿಗೆಗೆ ಎದುರು ನಿಂತರು. ಜುಲೈ 17ರಂದು ಊರು ಬಿತ್ತು. ತುದಿಯ ಪೇಟ್ರಿಯಾರ್ಕಲ್ ಚರ್ಚು 1981ರ ಮರುನಿರ್ಮಾಣ. ಒಳಗಿನ ಕಪ್ಪುಗೆಂಪು ಚಿತ್ರಗಳು 1985ರವು, ಪೂಜೆ ನಡೆಯುವುದಿಲ್ಲ. ಬೇಸರವಾದರೆ ತಪ್ಪಿಲ್ಲ. ಕೆಳಗಿಳಿದು ನದಿ ಪಕ್ಕದ ನಲವತ್ತು ಹುತಾತ್ಮರ ಚರ್ಚಿಗೆ ಒಂದು ಗಂಟೆ ಇಡಿ. 1230ರದ್ದು; ಒಳಗಿರುವ, ಹಳೆಯ ಬಲ್ಗೇರಿಯಾ ದೊರೆ ಒಮುರ್ತಾಗ್‌ನ ಶಾಸನಗಂಬ ಎವ್ತಿಮಿಯ ಕಾಲಕ್ಕೇ ಐನೂರು ವರ್ಷ ಹಳೆಯದಾಗಿತ್ತು.

ಸಸ್ಯಾಹಾರಿಗಳು 'ಪೋಸ್ನೊ' ಎಂಬ ಮಾತು ಕಲಿಯಿರಿ, ಉಪವಾಸದ ಅಡುಗೆ ಎಂದರ್ಥ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. 'ಬೋಬ್ ಚೋರ್ಬಾ' ಎಂಬ ಹುರುಳಿಕಾಯಿ ಬೀಜದ ಸಾರಿಗೆ ಕೆಲವೆಡೆ ಮಾಂಸ ಸೇರಿಸುತ್ತಾರೆ, ಕೇಳಿಯೇ ತರಿಸಿ.

ಮೂರನೇ ದಿನ ಪ್ಲೊವ್ದಿವ್‌ಗೆ ಪ್ರಯಾಣ. ನಾಲ್ಕನೇ ದಿನ ರೊಡೊಪಿ ನಿಲ್ದಾಣದಿಂದ ಸ್ಮೊಲ್ಯಾನ್ ಕಡೆಯ ಬಸ್ಸು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಬಾಚ್ಕೊವೊ ಮಠ. ತರ್ನೊವೊ ಬಿದ್ದ ಮೇಲೆ ಗಡಿಪಾರಾದ ಎವ್ತಿಮಿಯ ಕೊನೆಯ ವರ್ಷಗಳು ಇಲ್ಲಿ ಕಳೆದವೆಂದು ಪರಂಪರೆ ಹೇಳುತ್ತದೆ. ಆಗಸ್ಟ್ 15 ಮಠದ ಹಬ್ಬ, ಆ ದಿನ ವಿಪರೀತ ಜನ. ಇಳಿದ ಕೂಡಲೇ ಮರಳುವ ಬಸ್ಸಿನ ವೇಳೆ ಬರೆದುಕೊಳ್ಳಿ.

ಮುಖ್ಯ ಚರ್ಚು 1604ರದ್ದು, ಎವ್ತಿಮಿ ಕಂಡದ್ದಲ್ಲ. ಅವರ ಕಾಲಕ್ಕೂ ಇದ್ದದ್ದು ನೋಡಬೇಕೆಂದರೆ ಗೋಡೆಯಾಚೆ ಸುಮಾರು 300 ಮೀಟರ್ ನಡೆದು ಅಸ್ಥಿಗೃಹಕ್ಕೆ ಹೋಗಿ. ಬೀಗವಿರಬಹುದು, ಮಠದಲ್ಲಿ ಮೊದಲೇ ವಿಚಾರಿಸಿ. ಅಲ್ಲಿನ ಗೋಡೆಯ ಮೇಲೆ ದೊರೆ ಇವಾನ್ ಅಲೆಕ್ಸಾಂಡರ್‌ನ ಚಿತ್ರವಿದೆ. ಕಿಲಿಫಾರೆವೊ ಮಠಕ್ಕೆ ನೆರವು ಕೊಟ್ಟವನು ಅವನೇ.